ಮೂರು ಬಾರಿ ಕೂಗಿಸಲಾಯಿತು

ಚನ್ನಪ್ಪ ಕೃಷ್ಣಮ್ಮನನ್ನು ಮೊದಲು ನೋಡಿದ್ದು 2022ರ ಜೂನ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ. ಯಲಹಂಕದ ಕಡೆ ಬಾಡಿಗೆ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿದ್ದ ಕೋರ್ಟಿನಲ್ಲಿ ಅವನು ದಲಾಯತ್. ಬಿಳಿ ಸಮವಸ್ತ್ರ ತೊಟ್ಟು ಬಾಗಿಲಲ್ಲಿ ನಿಂತು, ಕೇಸಿನವರ ಹೆಸರು ಕೂಗುವುದು ಅವನ ಕೆಲಸ. ನ್ಯಾಯಾಧೀಶರು ಇನ್ನೂ ಪೀಠಕ್ಕೆ ಬಂದಿರಲಿಲ್ಲ. ಐವತ್ತರ ಹತ್ತಿರದ ಹೆಂಗಸೊಬ್ಬಳು ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಮಾಸಿದ ಹಸಿರು ಸೀರೆ. ಎಡಗಾಲು ಊದಿಕೊಂಡಿದ್ದರಿಂದ ಚಪ್ಪಲಿಯ ಪಟ್ಟಿ ಬಿಚ್ಚಿ ಎಳೆದುಕೊಂಡೇ ನಡೆಯುತ್ತಿದ್ದಳು. ಕೋರ್ಟಿನ ಕಾಗದವನ್ನು ತೊಳೆದು ಒಣಗಿಸಿದ ಹಾಲಿನ ಕವರಿನಲ್ಲಿ ಮಡಿಸಿಟ್ಟಿದ್ದಳು.

"ಅಣ್ಣಾ, ಎಸ್ರು ಕೂಗೋರು ನೀವೇನಾ?"

"ಹೌದ್ರೀ. ನಿಮ್ಮದು ಏನ್ ಕೇಸು?"

ಆಕೆ ಅತ್ತಿತ್ತ ನೋಡಿ "ಕಳ್ತನ" ಎಂದಳು. ಮರುಕ್ಷಣವೇ, "ನಾನ್ ಮಾಡಿಲ್ಲ" ಎಂದಳು.

"ಅದನ್ನ ಒಳಗ ಹೇಳ್ಬೇಕ್ರಿ, ನನಗಲ್ಲ."

"ಕೇಳ್ದಾಗ ಯೋಳ್ತೀನಿ. ಅಲ್ಲೀವರ್ಗೂ ಕೆಳಗೆ ಮೆಟ್ಲ ಮ್ಯಾಲೆ ಕೂತಿರ್ತೀನಿ. ಇಲ್ಲಿ ನಿಂತ್ರೆ ಪೊಲೀಸ್ನೋರು ಜರುಗು ಜರುಗು ಅಂತಾರೆ, ಕಾಲು ತಡಿಯಾಕಿಲ್ಲ. ವಸಿ ಜೋರಾಗಿ ಕೂಗಣ್ಣಾ."

ಅಂದಿನಿಂದ ಚನ್ನಪ್ಪ ಆಕೆಯ ಹೆಸರನ್ನು ಬಾಗಿಲಲ್ಲಿ ಒಮ್ಮೆ, ಮೊಗಸಾಲೆಯ ತುದಿಯಲ್ಲಿ ಒಮ್ಮೆ, ಮೆಟ್ಟಿಲ ಬಾಯಲ್ಲಿ ಒಮ್ಮೆ ಕೂಗತೊಡಗಿದ. ಬೆಂಚ್ ಕ್ಲರ್ಕ್ ಉಮೇಶನಿಗೆ ಇದೊಂದು ತಮಾಷೆ. "ನಿಧಾನ ಚನ್ನಪ್ಪಣ್ಣ, ಏರ್‌ಪೋರ್ಟಲ್ಲಿ ಇಳಿಯೋ ಪ್ಲೇನು ವಾಪಸ್ ಹೋಗ್ಬಿಡುತ್ತೆ" ಎಂದು ನಗುತ್ತಿದ್ದ.

ಚನ್ನಪ್ಪ ರೋಣ ತಾಲೂಕಿನವನು. ಹತ್ತನೆಯ ತರಗತಿ ಮುಗಿಸಿ ಬೆಂಗಳೂರಿಗೆ ಬಂದು, ಮತ್ತಿಕೆರೆಯಲ್ಲಿ ಕೋಣೆ ಹಿಡಿದು, ಎರಡು ವರ್ಷ ಕಾರ್ಖಾನೆಯಲ್ಲಿ ದುಡಿದ ಮೇಲೆ ಈ ನೌಕರಿ ಸಿಕ್ಕಿತ್ತು. ಆಗಿದ್ದ ಹಿರಿಯ ಶಿರಸ್ತೇದಾರರು ಮೊದಲ ದಿನವೇ ಹೇಳಿದ್ದರು: "ಬಡವನಿಗೆ ಕೋರ್ಟು ಅಂದ್ರೆ ನಿನ್ನ ಗಂಟಲು ಕಣಯ್ಯ. ಮೂರು ಸಲ ಕೂಗೋದು ನಿಯಮ. ಒಂದು ಕಡಿಮೆಯಾದ್ರೂ ಪಾಪ ನಿಂದೇ." ಮೂವತ್ತೊಂಬತ್ತು ವರ್ಷ ಅವನು ಅದನ್ನು ನಂಬಿಕೊಂಡೇ ಬಂದ.

ಕೃಷ್ಣಮ್ಮ ಗಂಗಾನಗರದ ನಿರಂಜನ್ ಎಂಬುವರ ಮನೆಯಲ್ಲಿ ಏಳು ವರ್ಷ ಪಾತ್ರೆ ತೊಳೆದಿದ್ದಳು. ಅಲ್ಲಿ ಎರಡೆಳೆ ಸರ ಕಾಣೆಯಾಯಿತು. ಸರ ಆಕೆಯ ಹತ್ತಿರ ಸಿಗಲಿಲ್ಲ. ಪೊಲೀಸರ ಬಳಿ ಇದ್ದದ್ದು ಠಾಣೆಯಲ್ಲಿ ಬರೆದುಕೊಂಡ ಒಂದು ಹೇಳಿಕೆ, ಅದರ ಕೆಳಗೆ ಆಕೆಯ ಹೆಬ್ಬೆಟ್ಟು. ಆಕೆ ಸಂಜೆ ಹೊತ್ತು ಕೆಲಸ ಮಾಡುತ್ತಿದ್ದ ಇನ್ನೊಂದು ಮನೆಯ ಯಜಮಾನ, ಕೆಂಪಾಪುರದ ವೆಂಕಟರಾಮಯ್ಯ ತಮ್ಮ ಜಮೀನಿನ ಪಹಣಿ ಕೊಟ್ಟು ಜಾಮೀನು ನಿಂತಿದ್ದರು. ಉಚಿತ ಕಾನೂನು ನೆರವಿನಲ್ಲಿ ಆಕೆಗೆ ಸಿಕ್ಕ ವಕೀಲರು, "ಇದರಲ್ಲಿ ಏನೂ ಇಲ್ಲಮ್ಮ, ಬಿಟ್ಟೇ ಬಿಡ್ತಾರೆ. ನೀನು ಮಾತ್ರ ಡೇಟು ತಪ್ಪಿಸ್ಬೇಡ" ಎಂದಿದ್ದರು.

ಆಕೆ ತಪ್ಪಿಸಲಿಲ್ಲ. ಸಾಕ್ಷಿ ಹೇಳಬೇಕಾದ ನಿರಂಜನ್ ಬರಲಿಲ್ಲ. ಒಮ್ಮೆ ವಿದೇಶ ಪ್ರವಾಸ, ಒಮ್ಮೆ ಜ್ವರ, ಒಮ್ಮೆ ಸಮನ್ಸ್ ತಲುಪಿಲ್ಲ ಎಂಬ ವರದಿ. ಹನ್ನೊಂದು ಡೇಟಿನಲ್ಲಿ ಏಳು ಸಲ ಅವರಿಲ್ಲದೆ ಕೇಸು ಮುಂದಕ್ಕೆ ಹೋಯಿತು. ಅವರಿಗೆ ಯಾರೂ ಏನೂ ಅನ್ನಲಿಲ್ಲ.

"ಬ್ಯಾಸರ ಆಗಲ್ಲೇನ್ರಿ?" ಎಂದು ಚನ್ನಪ್ಪ ಒಮ್ಮೆ ಕೇಳಿದ.

"ಯಾತುಕ್ಕಣ್ಣ? ಕಳ್ಳಿ ಅಲ್ಲ ಅಂತ ಕೋರ್ಟು ಬರ್ಕೊಟ್ರೆ ಸಾಕು. ಆ ಕಾಗದಾನ ಲ್ಯಾಮಿನೇಶನ್ ಆಕ್ಸಿ, ಗಂಗಾನಗರದಾಗೆ ಮನೆಮನೆಗೂ ತೋರುಸ್ತೀನಿ. ಯಾವ ಮನೆಯೋರೂ ಈಗ ಒಳಕ್ಕೇ ಬುಡಲ್ಲ."

ಮರುವರ್ಷ ಹೊಸ ಮಹಿಳಾ ನ್ಯಾಯಾಧೀಶರು ಬಂದರು. ಅವರು ಕೆಟ್ಟವರಾಗಿರಲಿಲ್ಲ. ಪ್ರತಿ ಕಡತವನ್ನೂ ಓದಿಕೊಂಡೇ ಪೀಠಕ್ಕೆ ಬರುತ್ತಿದ್ದರು. ಹಳೆಯ ಕೇಸುಗಳು ಕೊಳೆಯಬಾರದು ಎಂಬುದು ಅವರ ಹಟ. ನವೆಂಬರಿನ ಒಂದು ಶುಕ್ರವಾರ ಪಟ್ಟಿಯಲ್ಲಿ ನೂರಾ ಹನ್ನೆರಡು ಕೇಸುಗಳಿದ್ದವು. ಚನ್ನಪ್ಪ ಬಾಗಿಲಲ್ಲಿ ನಿಂತು ಕೃಷ್ಣಮ್ಮನ ಹೆಸರನ್ನು ಒಮ್ಮೆ ಕೂಗಿ ಮೆಟ್ಟಿಲ ಕಡೆ ಹೆಜ್ಜೆ ಇಡುವಷ್ಟರಲ್ಲಿ ಉಮೇಶ್ ಒಂದು ಕಟ್ಟು ಕಾಗದ ಅವನ ಕೈಗೆ ತುರುಕಿದ. "ಸರ್ಕಾರಿ ವಕೀಲರ ಆಫೀಸಿಗೆ ಕೊಟ್ಟು ಓಡಿ ಬನ್ನಿ, ಮೇಡಂ ಕಾಯ್ತಿದ್ದಾರೆ."

ಹೆಸರು ಕೂಗಿದಾಗ ಬಾರದವರ ಕೇಸನ್ನು ಪಕ್ಕಕ್ಕಿಟ್ಟು ಮಧ್ಯಾಹ್ನ ಇನ್ನೊಮ್ಮೆ ಕರೆಯುವುದು ಆ ಕೋರ್ಟಿನ ರೂಢಿ. ಬಂದು ಕರೆದರಾಯಿತು ಎಂದುಕೊಂಡು ಚನ್ನಪ್ಪ ಹಿಂದಿನ ಮೆಟ್ಟಿಲಿನಿಂದ ಇಳಿದುಹೋದ. ಹೊಸ ನ್ಯಾಯಾಧೀಶರು ಅಂದು ಬೆಳಿಗ್ಗೆಯೇ ಆ ರೂಢಿಯನ್ನು ನಿಲ್ಲಿಸಿದ್ದು ಅವನಿಗೆ ಗೊತ್ತಿರಲಿಲ್ಲ. ವಾಪಸು ಬಂದಾಗ ಆದೇಶ ಆಗಿಹೋಗಿತ್ತು: 'ಆರೋಪಿಯನ್ನು ಮೂರು ಬಾರಿ ಕೂಗಿಸಲಾಯಿತು. ಗೈರು. ಜಾಮೀನು ರದ್ದು. ಬಂಧನ ವಾರಂಟ್ ಹೊರಡಿಸಿ.' ಆಕೆಯ ವಕೀಲರು ಬೇರೆ ಕೋರ್ಟಿನಲ್ಲಿದ್ದರು. ಕೃಷ್ಣಮ್ಮ ಕೆಳಗೆ ಕೂತಿದ್ದಳು.

"ಒಂದ ಸಲ ಕೂಗೀನಲ್ರೀ ಉಮೇಶ್!"

"ಅದು ಮೊದಲೇ ಟೈಪ್ ಮಾಡಿಟ್ಟಿರೋ ಸಾಲು ಗುರುವೇ. ಒಂದ್ಸಲ ಕೂಗಿದ್ರೂ ಅದೇ, ಹತ್ಸಲ ಕೂಗಿದ್ರೂ ಅದೇ. ಸಹಿ ಆದ್ಮೇಲೆ ಅವಳನ್ನ ಮೇಲೆ ಕರೆತಂದ್ರೂ ಅರ್ಜಿ ಬೇಕೇ ಬೇಕು. ಸೋಮವಾರ ವಕೀಲ್ರು ಹಾಕ್ತಾರೆ, ಬಿಡಿ."

ಸೋಮವಾರ ರಜೆಯಿತ್ತು. ಭಾನುವಾರ ಬೆಳಿಗ್ಗೆಯೇ ಪೊಲೀಸರು ಆಕೆಯನ್ನು ಕೆಂಪಾಪುರದ ಅವಳ ಬಾಡಿಗೆ ಕೋಣೆಯಿಂದ ಕರೆದೊಯ್ದಿದ್ದರು.

ಮಂಗಳವಾರ ಚನ್ನಪ್ಪ ನ್ಯಾಯಾಧೀಶರ ಕೋಣೆಗೆ ಹೋಗಿ ಕೈಮುಗಿದು ನಿಂತ. ನಡೆದದ್ದನ್ನು ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು.

"ಆರ್ಡರ್ ಶೀಟಲ್ಲಿ ಮೂರು ಸಲ ಅಂತಿದೆ ಚನ್ನಪ್ಪ. ಅದಕ್ಕೆ ನನ್ನ ಸಹಿ ಇದೆ. ನೀವು ಬಾಯಲ್ಲಿ ಹೇಳಿದ್ದಕ್ಕೆ ನಾನು ದಾಖಲೆ ತಿದ್ದೋಕಾಗುತ್ತಾ? ನಾಳೆ ತಪ್ಪಿಸಿಕೊಂಡು ತಿರುಗೋನ ಪರವಾಗೂ ಯಾರೋ ಒಬ್ಬ ಬಂದು ಇದನ್ನೇ ಹೇಳ್ತಾನೆ. ಬರೆದು ಕೊಡಿ."

ಅವನು ಬರೆದುಕೊಟ್ಟ. ಎರಡು ಸಲ ಹರಿದು, ಮೂರನೆಯ ಸಲ ತಪ್ಪಿಲ್ಲದಂತೆ ಬರೆದು ಸಹಿ ಹಾಕಿದ. ನಿವೃತ್ತಿಗೆ ಎರಡು ವರ್ಷ ಇತ್ತು, ಭಯವಾಯಿತು. ಆದರೂ ಎದೆ ಹಗುರಾಯಿತು.

ಜಾಮೀನು ಅರ್ಜಿ ವಿಚಾರಣೆಗೆ ಬಂದ ದಿನ ಅವನು ಬಾಗಿಲಲ್ಲೇ ನಿಂತು ಕಾದ. ಆಕೆ ಮೆಟ್ಟಿಲ ಮೇಲೆಯೇ ಇದ್ದಳು ಎಂದು ಆಕೆಯ ವಕೀಲರು ಹೇಳಿದರು. ಪುರಾವೆ ಏನು ಎಂದು ಸರ್ಕಾರಿ ವಕೀಲರು ಕೇಳಿದರು. ನ್ಯಾಯಾಧೀಶರು ಕಡತ ತಿರುವಿದರು. ಚನ್ನಪ್ಪನ ಕಾಗದ ಅದರಲ್ಲಿರಲಿಲ್ಲ. ತಾವೇ ಕೇಳಿ ಬರೆಸಿಕೊಂಡ ಕಾಗದದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಅರ್ಜಿ ವಜಾ ಆಯಿತು.

"ನನ್ನ ಕಾಗದ ಎಲ್ಲಿ ಹೋತ್ರೀ?"

ಉಮೇಶ್ ಈ ಸಲ ನಗಲಿಲ್ಲ. "ನೌಕರ ಬರೆದದ್ದು ನೌಕರನ ಫೈಲಿಗೆ ಹೋಗುತ್ತೆ ಅಣ್ಣ. ಆರೋಪಿ ಫೈಲಿಗೆ ಯಾಕೆ ಬರುತ್ತೆ? ನೀವು ಆ ಕೇಸಲ್ಲಿ ಸಾಕ್ಷೀನಾ, ವಕೀಲರಾ? ಕರ್ತವ್ಯಲೋಪ ಅಂತ ಮೇಲಕ್ಕೆ ಹೋಗಿದೆ. ನಿಮಗೇ ನೋಟಿಸ್ ಬರುತ್ತೆ, ಸುಮ್ನಿರಿ."

ನೋಟಿಸ್ ಬಂತು. 'ಒಂದೇ ಬಾರಿ ಕೂಗಿದ್ದಾಗಿ ತಾವೇ ಒಪ್ಪಿರುತ್ತೀರಿ' ಎಂದು ಅದರಲ್ಲಿತ್ತು. ಅವನ ಮೇಲೆ ಕ್ರಮ ಕೈಗೊಳ್ಳುವಾಗ ಆ ಮಾತು ಸತ್ಯ. ಆಕೆಯನ್ನು ಬಿಡಿಸುವಾಗ ಅದಿಲ್ಲ. ಒಂದೇ ಕಟ್ಟಡ, ಒಂದೇ ಮೊಹರು. ಚನ್ನಪ್ಪ ಆ ನೋಟಿಸನ್ನು ಕೃಷ್ಣಮ್ಮನ ವಕೀಲರ ಬಳಿ ಒಯ್ದ. ಅವರು ಓದಿ ಹಿಂದಕ್ಕೆ ಕೊಟ್ಟರು. "ಇಲಾಖೆಯ ಒಳಗಿನ ಕಾಗದ ಇದು. ನಾನು ಹಾಕಿದ್ರೆ ನಿಮ್ಮ ನೌಕರಿ ಹೋಗುತ್ತೆ, ಅವಳಿಗೆ ಜಾಮೀನು ಸಿಗುತ್ತೆ ಅಂತಾನೂ ಇಲ್ಲ." ಚನ್ನಪ್ಪ ಒತ್ತಾಯ ಮಾಡಲಿಲ್ಲ. ಆ ಒತ್ತಾಯ ಮಾಡದ ಗಳಿಗೆಯನ್ನು ಅವನು ತನ್ನ ಹೆಂಡತಿಗೂ ಹೇಳಲಿಲ್ಲ.

ಎರಡನೆಯ ಅರ್ಜಿಗೆ ಜಾಮೀನು ಸಿಕ್ಕಿತು, ಹೊಸದಾಗಿ ಜಾಮೀನುದಾರರನ್ನು ಕೊಡಬೇಕೆಂಬ ಷರತ್ತಿನ ಮೇಲೆ. ವೆಂಕಟರಾಮಯ್ಯನವರಿಗೆ ಹಳೆಯ ಜಾಮೀನಿನ ಬಗ್ಗೆ ಕೋರ್ಟಿನಿಂದ ನೋಟಿಸ್ ಹೋಗಿತ್ತು. ಚನ್ನಪ್ಪ ಮನೆಗೇ ಹೋಗಿ ಬೇಡಿಕೊಂಡಾಗ ಅವರು, "ನಮ್ಮ ವಂಶದಲ್ಲೇ ಕೋರ್ಟ್ ನೋಟಿಸ್ ಯಾರಿಗೂ ಬಂದಿರಲಿಲ್ಲ ಕಣ್ರೀ. ಪಾಪ ಅಂತ ನಿಂತೆ, ಸಾಕು" ಎಂದು ಬಾಗಿಲು ಮುಂದಕ್ಕೆ ಮಾಡಿದರು. ಬೇರೆ ಯಾರೂ ಸಿಗಲಿಲ್ಲ. ಜಾಮೀನಿನ ಆದೇಶ ಕಡತದಲ್ಲಿ, ಕೃಷ್ಣಮ್ಮ ಜೈಲಿನಲ್ಲಿ.

ಐದು ತಿಂಗಳ ಮೇಲೆ ಆಕೆಯನ್ನು ಪೊಲೀಸ್ ವ್ಯಾನಿನಲ್ಲಿ ಕರೆತಂದರು. ಕಾಲು ಮೊಣಕಾಲಿನವರೆಗೆ ಊದಿತ್ತು. ಮಹಿಳಾ ಪೇದೆ ನೀರು ತರಲು ಹೋದಾಗ ಆಕೆ ಕೇಳಿದಳು:

"ಅಣ್ಣಾ, ಮಾಡಿದ್ದೀನಿ ಅಂತ ಒಪ್ಕಂಡ್ರೆ ಒಳಗಿದ್ದ ದಿನಾನೇ ಸಿಕ್ಷೆ ಅಂತ ಇವತ್ತೇ ಬುಡ್ತಾರಂತೆ. ನಿಜವಾ?"

ಅದು ನಿಜ. ಅವನು ನೂರಾರು ಸಲ ನೋಡಿದ್ದ. ಬೇಡ, ಇನ್ನೊಂದು ವರ್ಷ ಒಳಗಿದ್ದರೆ ನಿರಪರಾಧಿ ಎಂದು ಬರೆದುಕೊಡುತ್ತಾರೆ ಎಂದು ಯಾವ ಬಾಯಲ್ಲಿ ಹೇಳುವುದು?

"ಹೌದ್ರೀ" ಎಂದ.

"ನಾನ್ ಮಾಡಿಲ್ಲ ಅಂತ ನಿಂಗೆ ಗೊತ್ತಲ್ಲಾ?"

"ಗೊತ್ತೈತಿ."

ಆಕೆ ತಲೆಯಾಡಿಸಿದಳು. ಚನ್ನಪ್ಪ ಹೆಸರು ಕೂಗಿದ. ನ್ಯಾಯಾಧೀಶರು ಮೆತ್ತಗೆ ಕೇಳಿದರು: "ಯಾರಾದ್ರೂ ಒತ್ತಾಯ ಮಾಡಿದ್ದಾರೇನಮ್ಮ? ಹೆದರಿಸಿದ್ದಾರಾ? ಯೋಚನೆ ಮಾಡಿ ಹೇಳು." ಕಾನೂನು ಕೇಳು ಎಂದದ್ದನ್ನೆಲ್ಲ ಅವರು ಕೇಳಿದರು, ಒಂದನ್ನೂ ಬಿಡಲಿಲ್ಲ.

"ಇಲ್ಲ ತಾಯಿ. ನಾನೇ ಮಾಡಿದ್ದು."

ಎಲ್ಲ ಸೇರಿ ನಾಲ್ಕು ನಿಮಿಷ ಹಿಡಿಯಿತು. ನಿರಂಜನ್ ಆ ದಿನವೂ ಬಂದಿರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ.

ಕೃಷ್ಣಮ್ಮ ಕೆಂಪಾಪುರದ ಕೋಣೆ ಬಿಟ್ಟು ಹೋದಳು. ಎಲ್ಲಿಗೆ ಎಂದು ಅಕ್ಕಪಕ್ಕದವರಿಗೆ ತಿಳಿಯದು. ಚನ್ನಪ್ಪ ಎರಡು ಭಾನುವಾರ ವಿಚಾರಿಸಿ ಬಂದ. ಇಲಾಖೆಯ ವಿಚಾರಣೆಯ ಕೊನೆಯಲ್ಲಿ ಅವನ ಒಂದು ವರ್ಷದ ವೇತನ ಬಡ್ತಿ ತಡೆಹಿಡಿದು, ಬಾಗಿಲ ಕೆಲಸದಿಂದ ತೆಗೆದರು.

ಅವನು ಈಗ ಅದೇ ಕಟ್ಟಡದ ನೆಲಮಹಡಿಯ ದಾಖಲೆ ಕೋಣೆಯಲ್ಲಿ, ತೀರ್ಪಾದ ಕಡತಗಳಿಗೆ ದಾರ ಕಟ್ಟಿ, ವರ್ಷ ಬರೆದು, ಕಪಾಟಿಗೆ ಏರಿಸುತ್ತಾನೆ.