ಕೆಂಪಾಗದ ತಗಡು

ಮೇಸ್ತ್ರಿಯ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. ತಗಡು ಸವರಿ ಸವರಿ ನುಣ್ಣಗಾಗಿದ್ದ ಆ ಬೆರಳನ್ನು ರೇಷನ್ ಅಂಗಡಿಯ ಯಂತ್ರ ಪ್ರತಿ ತಿಂಗಳೂ ಒಪ್ಪದೆ ಸತಾಯಿಸುತ್ತಿತ್ತು. ಅದೇ ಕೈಯನ್ನು ಕಣ್ಣುಮುಚ್ಚಿ ಕಾರಿನ ಮೈಮೇಲೆ ಆಡಿಸಿದರೆ, ನಮಗೆ ಕಾಣದ ತಗ್ಗು ಅವರಿಗೆ ಸಿಗುತ್ತಿತ್ತು.

ಶ್ರೀರಂಗಪಟ್ಟಣದ ಹೆದ್ದಾರಿ ಬದಿಯಲ್ಲಿ ಅವರ ಟಿಂಕರಿಂಗ್ ಶೆಡ್ಡು. ನಾನು ಕ್ಯಾತನಹಳ್ಳಿ ಕಡೆ ಕಬ್ಬಿನ ಲಾರಿ ಓಡಿಸುವುದನ್ನು ಬಿಟ್ಟು, ಮೂವತ್ತೈದು ದಾಟಿದ ಮೇಲೆ ಅಲ್ಲಿ ಸೇರಿದವನು. ಹರೆಯದಲ್ಲಿ ಬಸ್ಸಿನ ಬಾಡಿ ಕಟ್ಟುತ್ತಿದ್ದ ಮೇಸ್ತ್ರಿಗೆ ಅಲ್ಯೂಮಿನಿಯಂ ಕೆಲಸದಲ್ಲಿ ಕೈ ಪಳಗಿತ್ತು. ಹಾಗಾಗಿ ಅಲ್ಯೂಮಿನಿಯಂ ಮೈಯ ಸ್ಪೋರ್ಟ್ಸ್ ಕಾರುಗಳು ಪೆಟ್ಟು ತಿಂದರೆ ಮೈಸೂರಿನವರೂ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಆ ಹೆಸರೊಂದೇ ಅವರಿಗಿದ್ದ ಶೋಕಿ.

ಕಾರು ಬಂದರೆ ಮೊದಲು ಜೇಬಿನ ಅಯಸ್ಕಾಂತ ಹಚ್ಚಿ ನೋಡುತ್ತಿದ್ದರು. ಕಚ್ಚಿದರೆ ಸ್ಟೀಲು, ಜಾರಿದರೆ ಅಲ್ಯೂಮಿನಿಯಂ. ಎರಡಕ್ಕೂ ಸುತ್ತಿಗೆ ಬೇರೆ ಬೇರೆ.

"ಸ್ಟೀಲು ತೂಕ ಕಣ್ಲಾ, ಆದ್ರೆ ತಟ್ಟುದ್ರೆ ಹಳೇ ರೂಪ ನೆಪ್ಪು ಮಾಡ್ಕತದೆ. ಈ ಅಲ್ಯೂಮಿನಿಯಂ ಹಗುರ, ಕಾರು ಜಿಂಕೆ ಅಂಗೆ ಓಡ್ತದೆ. ಪೆಟ್ಟು ಬಿದ್ರೆ ಮಾತ್ರ ಎಲ್ಲಾ ಮರ್ತ್ಬುಡ್ತದೆ. ಕಾಯ್ಸುದ್ರೂ ಅಷ್ಟೇ. ಸ್ಟೀಲು ಕೆಂಪಾಗಿ ಹೇಳ್ತದೆ. ಇದು ಹೇಳಾಕಿಲ್ಲ, ಕುಸ್ದೋಯ್ತದೆ" ಎನ್ನುತ್ತಿದ್ದರು.

ಅದಕ್ಕೇ ಅಲ್ಯೂಮಿನಿಯಂ ಕಾಯಿಸುವ ಮುನ್ನ ಅದರ ಮೇಲೆ ಬಟ್ಟೆ ಸೋಪಿನಿಂದ ಗೆರೆ ಎಳೆಯುತ್ತಿದ್ದರು. ಗೆರೆ ಕಂದು ಬಣ್ಣಕ್ಕೆ ತಿರುಗಿದರೆ ಬೆಂಕಿ ತೆಗೆಯಬೇಕು.

ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ, ಸ್ಪೋರ್ಟ್ಸ್ ಕಾರೊಂದರ ಬಾನೆಟ್ಟಿಗೆ ನಾನೇ ದೊಡ್ಡ ಮನುಷ್ಯನ ಹಾಗೆ ಗ್ಯಾಸಿನ ಬೆಂಕಿ ಹಿಡಿದೆ. ಸೋಪು ಉಜ್ಜಲಿಲ್ಲ. ಸ್ಟೀಲಿನ ರೂಢಿಯಲ್ಲಿ, ಕೆಂಪಾಗಲಿ ಎಂದು ಕಾಯುತ್ತಿದ್ದೆ. ಅಂಗೈಯಗಲದ ತಗಡು ಸದ್ದಿಲ್ಲದೆ ಕುಸಿದು ತೂತಾಯಿತು.

ಕಾರಿನವರು ಬಂದು ಕೂಗಾಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ, "ನಾನೇ ಸಾ ಮಾಡ್ದೋನು. ವಯಸ್ಸಾಯ್ತು, ಕೈ ತಪ್ತು" ಎಂದುಬಿಟ್ಟರು. ಅಂಥ ಕಾರು ಮತ್ತೆ ನಮ್ಮ ಶೆಡ್ಡಿಗೆ ಬರಲಿಲ್ಲ.

ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದ್ದಕ್ಕೆ, "ನೀನಿನ್ನೂ ಇಪ್ಪತ್ತೊರ್ಸ ಗೇಮೆ ಮಾಡ್ಬೇಕು ಕಣ್ಲಾ. ನಂಗೆ ಹೆಸ್ರು ಮಡಿಕ್ಕಂಡು ಏನಾಗ್ಬೇಕು, ಬುಡು" ಎಂದರು. ಆದರೆ ಹೆದ್ದಾರಿಯಲ್ಲಿ ಅಂಥ ಕಾರಿನ ಸದ್ದು ಕೇಳಿದರೆ ಅವರ ಸುತ್ತಿಗೆ ನಿಲ್ಲುತ್ತಿತ್ತು.

ಹೋದ ತಿಂಗಳು ಮೇಸ್ತ್ರಿ ಎದೆನೋವಿನಿಂದ ತೀರಿಕೊಂಡರು. ನೋವಿದ್ದದ್ದನ್ನು ಯಾರಿಗೂ ಹೇಳಿರಲಿಲ್ಲ. ಹೆಣದ ಮುಂದೆ ನನಗೆ ಅಳು ಬರಲಿಲ್ಲ. ಹಾರ ಹಾಕಿ ಪಕ್ಕಕ್ಕೆ ನಿಂತೆ. ತಿಥಿಯ ಊಟಕ್ಕೆ ಕೂತಾಗ ಪಕ್ಕದವರೊಬ್ಬರು, "ಒಳ್ಳೆ ಕೆಲ್ಸಗಾರ. ಕೊನೆಗಾಲ್ದಲ್ಲಿ ಆ ಬಾನೆಟ್ಟು ಸುಟ್ಟಾಕಿ ಹೆಸ್ರು ಕೆಡುಸ್ಕಂಡ್ರು" ಎಂದರು. ನಾನು ತಲೆ ತಗ್ಗಿಸಿ ಅನ್ನ ಕಲಸಿದೆ. ಸಾರಿನಲ್ಲಿ ಉಪ್ಪಿತ್ತೋ ಇಲ್ಲವೋ ತಿಳಿಯಲಿಲ್ಲ.

ಅವರ ಸೋಪಿನ ತುಂಡು ಈಗ ನನ್ನ ಜೇಬಿನಲ್ಲಿದೆ. ಅಂದು ಎಲೆಯ ಮುಂದೆ ಹೇಳದೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಬಾನೆಟ್ಟು ಸುಟ್ಟವನು ನಾನು.