ಕುತ್ತಿಗೆ ಮೇಲಿನ ಎರಡು ಬೆರಳು

ನಮ್ಮನೆಯವರು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬೈಕ್ ಮೆಕ್ಯಾನಿಕ್. ಓಡೋ ಇಂಜಿನ್ನಿಗೆ ಸ್ಕ್ರೂಡ್ರೈವರ್ ತುದಿ ಹಚ್ಚಿ, ಹಿಡಿಗೆ ಕಿವಿ ಕೊಟ್ಟು, ಯಾವ ಬೇರಿಂಗ್ ಹೋಗೈತೆ ಅಂತ ಹೇಳ್ತಾರೆ. ಆ ಕಿವಿಗೆ ಓಣಿಯಲ್ಲೆಲ್ಲ ಹೆಸರು. ಅದನ್ನ ಒಂದ್ಸಲ ನನ್ನ ಕಿವಿ ಹತ್ರ ತರ್ರಿ ಅಂತ ಅಂಗಲಾಚಿದ್ದೆ. ನನ್ನ ಎಡಗಿವಿಯೊಳಗೆ ಹಗಲೂ ರಾತ್ರಿ, ಎದೆ ಬಡಿದಂಗೆಲ್ಲ ಜುಂಯ್, ಜುಂಯ್ ಅಂತ ಸದ್ದು. "ನೀನೇನು ಬೈಕೇನೇ?" ಅಂತ ನಕ್ಕುಬಿಟ್ರು. ಊರಿಗೆ ಉಪಕಾರಿ, ಮನೆಗೆ ಮಾರಿ.

ಕುತ್ತಿಗೆಯ ಎಡಪಕ್ಕ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿದ್ರೆ ಸದ್ದು ನಿಲ್ತಿತ್ತು. ನನಗಿದ್ದ ಸುಖ ಅದೊಂದೇ. ರೊಟ್ಟಿ ತಟ್ಟೋವಾಗ್ಲೂ ಒತ್ಕೊಂತಿದ್ದೆ, ಕುತ್ತಿಗೆಗೆಲ್ಲ ಹಿಟ್ಟು ಮೆತ್ತಿರ್ತಿತ್ತು. ಅತ್ತೆ ಅದನ್ನ ನೋಡಿ ನೋಡಿ ತೀರ್ಮಾನ ಮಾಡಿದ್ರು: "ಗಾಳಿ ಮೆಟ್ಟೈತೆ. ಇವಳ ಕೈಲೇ ಇವಳ ಕುತ್ತಿಗೆ ಹಿಚುಕಿಸ್ತೈತೆ."

ಅಮಾವಾಸ್ಯೆಗೆ ಗಾಳಿ ಬಿಡಿಸ್ಕೊಳ್ಳೋಕೆ ಜನ ಹೋಗೋ ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಕರ್ಕೊಂಡು ಹೋದ್ರು. ಅಜ್ಜಯ್ಯನ ಮೇಲೆ ನನಗೆ ಸಿಟ್ಟಿಲ್ಲ, ಅವನು ಸುಮ್ಮನೆ ಕೂತಿದ್ದ. ಮಾಡಿದ್ದೆಲ್ಲ ನಮ್ಮೋರೇ. "ಕೂದಲು ಬಿಚ್ಚು, ಮೈ ತೂಗು, ಅದು ಹೊರಗೆ ಬರ್ಲಿ" ಅಂತ ಅತ್ತೆ ಬೆನ್ನಿಗೆ ಗುದ್ದಿದ್ರು. ನನಗೆ ತೂಗೋಕೆ ಬರಲಿಲ್ಲ. ಗಾಬರಿಗೆ ಎದೆ ಜೋರಾಗಿ ಬಡ್ಕೊಂಡು, ಕಿವಿಯೊಳಗಿನ ಸದ್ದೂ ಜೋರಾಯ್ತು. ಕೈ ತಾನಾಗೇ ಕುತ್ತಿಗೆಗೆ ಹೋಯ್ತು.

"ನೋಡ್ರಪ್ಪಾ, ನೋಡ್ರಿ! ಹಿಡ್ಕೊಳೋ ಅವಳ ಕೈ!" ಅಂತ ಅತ್ತೆ ಮಗನಿಗೆ ಚೀರಿದ್ರು.

ಹಿಡ್ಕೊಂಡ್ರು, ಕಟ್ಟಿಕೊಂಡ ಗಂಡ. ಹರಿಹರದ ತನಕ ಬಸ್ಸಿನಲ್ಲಿ ಎರಡೂ ಕೈ ಬಿಡಲಿಲ್ಲ. "ಕಾಲಿಗೆ ಬೀಳ್ತೀನ್ರಿ, ಎರಡೇ ಎರಡು ಬೆರಳು ಬಿಡ್ರಿ" ಅಂತ ಗೋಗರೆದೆ. ಮುಖ ಕಿಟಕಿ ಕಡೆ ತಿರುಗಿಸಿದ್ರು. ಎದುರು ಸೀಟಿನವರು ಶೇಂಗಾ ತಿಂತಾ ನನ್ನನ್ನೇ ನೋಡ್ತಿದ್ರು.

ಹರಿಹರ ನನ್ನ ತವರು, ಅಲ್ಲಿ ಬಸ್ ಬದಲಿಸಬೇಕಿತ್ತು. ಬಸ್‌ಸ್ಟ್ಯಾಂಡಿಗೆ ನನ್ನನ್ನ ನೋಡೋಕೆ ಬಂದಿದ್ದ ನಮ್ಮಣ್ಣ ನನ್ನ ಮಣಿಕಟ್ಟು ಕೆಂಪಗಾಗಿದ್ದು ನೋಡಿದ. ಯಾರನ್ನೂ ಕೇಳದೆ ನನ್ನನ್ನ ದಾವಣಗೆರೆಯ ಕಿವಿ ಡಾಕ್ಟರ ಹತ್ರ ಒಯ್ದ. ನಮ್ಮನೆಯವರೂ ಹಿಂದೆ ಬಂದ್ರು. ಡಾಕ್ಟರು ಕಿವಿ ಹಿಂದೆ ಸ್ಟೆತೊಸ್ಕೋಪ್ ಇಟ್ಟು, "ನನಗೂ ಕೇಳ್ತೈತಲ್ಲಮ್ಮಾ!" ಅಂದ್ರು. ಆಮೇಲೆ ಅದನ್ನ ನಮ್ಮನೆಯವರ ಕಿವಿಗೆ ಸಿಕ್ಕಿಸಿದ್ರು. ಮುಖ ಬಿಳುಚಿಕೊಂಡಿತು. ಇಂಜಿನ್ ಬಗ್ಗೆ ಹೇಳೋ ಹಂಗೇ ಹೇಳಿದ್ರು: "ಹೌದು, ಸದ್ದು ಐತೆ."

ತಲೆಯಿಂದ ರಕ್ತ ಇಳಿಸೋ ನಾಳ ಒಂದು ಕಡೆ ಸಣ್ಣಗಾಗಿತ್ತಂತೆ. ರಕ್ತ ಅಲ್ಲಿ ನುಗ್ಗಿ ಹೋಗೋ ಸದ್ದಂತೆ ಅದು. ಬೆಂಗಳೂರಿನಲ್ಲಿ ತೊಡೆಯಿಂದ ತಂತಿ ತೂರಿಸಿ ಆ ಜಾಗಕ್ಕೆ ಸ್ಟೆಂಟ್ ಕೂರಿಸಿದ್ರು. ಎಚ್ಚರಾದಾಗ ಅಭ್ಯಾಸಬಲಕ್ಕೆ ಬೆರಳು ಕುತ್ತಿಗೆಗೆ ಹೋಯ್ತು. ನಿಲ್ಲಿಸೋಕೆ ಸದ್ದೇ ಇರಲಿಲ್ಲ. ಗೊಳೋ ಅಂತ ಅತ್ತುಬಿಟ್ಟೆ.

ಮನೆಗೆ ಬಂದಾಗ ಅತ್ತೆ, "ಗಾಳಿ ಬಿಡ್ತು ನೋಡು, ನಾನು ಹೇಳಿರ್ಲಿಲ್ವಾ?" ಅಂದ್ರು. ತಮ್ಮ ಕಿವಿಯಾರೆ ಸದ್ದು ಕೇಳಿದ್ದ ನಮ್ಮನೆಯವರು "ಹೂಂ, ಹೌದವ್ವ" ಅಂದ್ರು. ಬಸ್ಸಿನಲ್ಲಿ ಆಗಿದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿದಿದ್ದು ಆವಾಗ.

ಮರುದಿನ ಅತ್ತೆ ಗುಡಿಗೆ ಹೋದದ್ದು ನೋಡ್ಕೊಂಡು ನಮ್ಮನೆಯವರು ಪಕ್ಕಕ್ಕೆ ಬಂದು ಕೂತ್ರು. ನನ್ನ ಎಡಗಿವಿಗೆ ತಮ್ಮ ಕಿವಿ ಹಚ್ಚಿದ್ರು, ಮೊದಲನೇ ಸಲ. "ಏನೂ ಕೇಳ್ತಿಲ್ಲಲ್ಲೇ" ಅಂತ ನಕ್ಕರು.

ಎರಡು ಬೆರಳಿಂದ ಆ ತಲೆನ ಆಚೆ ತಳ್ಳಿದೆ.

"ಅಂಗಡಿಗೆ ಹೋಗ್ರಿ. ಬೈಕ್ ಕಾಯ್ತಾವೆ."