ದೇವಕ್ಕನ ಪೇರಲ ಗಿಡ, ನಾಗರತ್ನಾನ ಬಯಕಿ

ಉಗರಗೋಳದ ದೇವಕ್ಕ ಹಟಕ್ಕ ಬಿದ್ದಳಂದ್ರ ಮುಗೀತು, ಎತ್ತು ಹೂಡಿ ಎಳದ್ರೂ ಜಗ್ಗಾಕಿ ಅಲ್ಲ. ತೊಂಬತ್ತೇಳನೇ ಇಸವಿ ಬ್ಯಾಸಗ್ಯಾಗ ಆಕಿ ಹಟ ಹಿಡದದ್ದು ಹಿತ್ತಲದಾಗಿನ ಒಂದು ಪೇರಲ ಗಿಡಕ್ಕ. ಮದುವ್ಯಾಗಿ ಬಂದ ವರ್ಷ ತನ್ನ ಕೈಯಾರೆ ಹಚ್ಚಿದ ಗಿಡ ಅದು. ಈಗ ಟೊಂಗಿಗೆ ಟೊಂಗಿ ಹೆಣಕೊಂಡು ಮಾಳಗಿ ಏರಿತ್ತು. ಮೂರು ವರ್ಷದಿಂದ ಒಂದು ಕಾಯಿ ಬಿಟ್ಟಿರಲಿಲ್ಲ.

“ಬರೇ ಸೊಪ್ಪಿನ ಸಡಗರ,” ಅಂದ ಗಂಡ ಅಂದಾನೆಪ್ಪ. “ದಸರಾಕ್ಕ ಬುಡಸಮೇತ ಕಡದು, ಅಲ್ಲೇ ಟ್ರ್ಯಾಕ್ಟರ್ ನಿಲ್ಲಸಾಕ ತಗಡಿನ ಪತ್ರಾಸ ಹೊಡಸ್ತೇನಿ.”

ದೇವಕ್ಕ ಒಪ್ಪಾಕಿ ಅಲ್ಲ. ಧಾರವಾಡದ ಕೃಷಿ ಮೇಳದಾಗ ಆಕಿ ಕಣ್ಣಾರೆ ನೋಡಿ ಬಂದಿದ್ದಳು. ಪೇರಲ ಕಾಯಿ ಬಿಡೂದು ಹೊಸ ಚಿಗುರಿನಾಗ. ಮಳಿಗಾಲಕ್ಕ ಮೊದಲ ಹಳೇ ಟೊಂಗಿ ಸವರಿದ್ರ ಚಳಿಗಾಲಕ್ಕ ಹಣ್ಣು. ಗರಗಸ ಹಿಡಕೊಂಡು ಹಿತ್ತಲಕ್ಕ ಇಳದಳು. ಅಷ್ಟರಾಗ ಅತ್ತಿ ಮಾಯವ್ವ ಅಡ್ಡ ಬಂದು ನಿಂತಳು.

“ತಲಿ ನೆಟ್ಟಗ ಐತೇನ ನಿಂದು? ನಿನ್ನ ಸೊಸಿ ಐದು ತಿಂಗಳ ಬಸರಿ. ಬಸರಿ ಇದ್ದ ಮನ್ಯಾಗ ಹಸಿ ಗಿಡಕ್ಕ ಕಬ್ಬಿಣ ಹಚ್ಚತಾರೇನ? ಹಡೀಲಿ, ಆಮ್ಯಾಲೆ ಏನರ ಕಡಕೋ.”

ಹಡಿಯೂದು ಭಾದ್ರಪದದಾಗ. ಅಲ್ಲೀತನ ಕಾದ್ರ ಹಂಗಾಮ ತಪ್ಪತಿತ್ತು, ಅದರ ಬೆನ್ನಿಗೇ ದಸರಾ, ಗಂಡನ ಕೊಡ್ಲಿ. ಅತ್ತಿಗೆ ಎದುರಾಡೂದು ದೇವಕ್ಕಗ ದೊಡ್ಡದಲ್ಲ. ಆದ್ರ ಇದು ಕೂಸಿನ ಮಾತು. ಗರಗಸ ಹಿಡದ ಕೈ ಕೆಳಗಿಳೀತು.

ಕಟ್ಟಿ ಮ್ಯಾಲೆ ಜೋಳ ಹಸನ ಮಾಡಾಕ ಹತ್ತಿದ್ದ ಸೊಸಿ ನಾಗರತ್ನಾ ತಲಿ ಎತ್ತಿದಳು. ಮಾತು ಕಮ್ಮಿ ಆಕೀದು.

“ಆಯಿ, ನನಗ ಪೇರಲದ ಬಯಕಿ ಆಗೇತ್ರಿ. ಅದೂ ಈ ಗಿಡದ್ದ.”

ಮಾಯವ್ವ ಸಿಕ್ಕಿಬಿದ್ದಳು. ಬಸರಿ ಬಯಕಿ ಮುರದ್ರ ಕೂಸಿನ ಕಿವಿ ಸೋರತಾವ ಅಂತ ಊರಿಗೆಲ್ಲಾ ಹೇಳಿದಾಕಿ ಆಕಿನ!

“ಹಣ್ಣು ಬರೂದ್ರಾಗ ಕೂಸು ತೊಡಿ ಮ್ಯಾಲಿರತೈತಲ್ಲವಾ!” ಅಂದಳು ಮಾಯವ್ವ.

“ಬಯಕಿ ಪಂಚಾಂಗ ನೋಡಿ ಬರತಾವೇನ್ರಿ?”

ದೇವಕ್ಕ ಮತ್ತೊಂದು ಮಾತಿಗೆ ನಿಲ್ಲಲಿಲ್ಲ. ಒಣಗಿದ್ದು, ಒಂದಕ್ಕೊಂದು ತಿಕ್ಕೋದು ಎಲ್ಲಾ ತಗದು, ನಡುವ ಬಿಸಲು ಬೀಳೂಹಂಗ ಮಾಡಿ, ಗಾಯಕ್ಕ ಸಗಣಿ-ಕೆಮ್ಮಣ್ಣು ಮೆತ್ತಿದಳು. “ಗಿಡದ್ದು ಜಾವಳ ತಗಸಿದ್ಯೇನ ದೇವಕ್ಕಾ?” ಅಂತ ಓಣಿ ಮಂದಿ ನಕ್ಕರು. ನಗಲಿ, ಅವರ ಗಂಟೇನು ಹೋಗತೈತಿ! ಆದ್ರ ನಾಗರತ್ನಾ ಹೊಟ್ಟಿ ಹಿಡಕೊಂಡು ಕುಂತಳಂದ್ರ ದೇವಕ್ಕ ಕೈಯಾಗಿನ ಕೆಲಸ ಬಿಟ್ಟು ಓಡಿ ಬರತಿದ್ದಳು. ಏನರ ಹೆಚ್ಚುಕಮ್ಮಿ ಆದ್ರ ಆ ಗರಗಸ ತನ್ನ ಕುತ್ತಿಗಿಗೇ ಅಂತ ಆಕಿಗೆ ಗೊತ್ತಿತ್ತು.

ಶ್ರಾವಣದಾಗ ಬಿಳಿ ಹೂವು ಬಿಟ್ತು. ಅಂದಾನೆಪ್ಪ ಪತ್ರಾಸದ ಮಾತು ಬಿಟ್ಟ. ಭಾದ್ರಪದದಾಗ ಸೊಸಿ ತವರು ಯರಗಟ್ಟಿಯಿಂದ ಸುದ್ದಿ ಬಂತು: ಹೆಣ್ಣು ಕೂಸು, ಇಬ್ಬರೂ ಅರಾಮ. ದೇವಕ್ಕ ಗಿಡದ ಬುಡಕ್ಕ ಕುಂತು ಸಮಾಧಾನ ಆಗೂಮಟ ಅತ್ತಳು.

ಮೂರನೇ ತಿಂಗಳಿಗೆ ಕೂಸಿನ ಜೋಡಿ ನಾಗರತ್ನಾ ತಿರುಗಿ ಬಂದಾಗ ಗಿಡ ಹಣ್ಣಿನ ಭಾರಕ್ಕ ಬಾಗಿತ್ತು. ದೇವಕ್ಕ ಒಂದು ಹಣ್ಣು ದೇವರಿಗಿಟ್ಟು, ಇನ್ನೊಂದು ಹೆಚ್ಚಿ ಉಪ್ಪು-ಖಾರ ಹಚ್ಚಿ ಸೊಸಿ ಮುಂದ ಹಿಡದಳು.

“ತಗೋ ಯವ್ವಾ, ನಿನ್ನ ಬಯಕಿ.”

ನಾಗರತ್ನಾ ಒಂದು ಹೋಳು ತಗೊಂಡು ಅತ್ತಿ ಬಾಯಿಗೇ ಇಟ್ಟಳು.

“ನೀವ ತಿನ್ರಿ, ಅತ್ತಿ. ನನಗ ಸಣ್ಣಾಕಿದ್ದಾಗಿಂದ ಪೇರಲ ಸೇರೂದಿಲ್ಲ.”